ಸಿದ್ಧಾಂಗದ ಸೇತುವೆ, ಸಿದ್ಧಾಂಗದ ಮನೆ

ನಮ್ಮ ಸಂಘದ ಗೋಷ್ಠಿಯೊಂದರಲ್ಲಿ, ೨೦೨೪ನೆಯ ಇಸವಿಯಲ್ಲಿ ವಯನಾಡಿನ ಬೆಟ್ಟವು ಕುಸಿದಾಗ ಸೈನಿಕರು ಎರಡು ದಿನಗಳೊಳಗಾಗಿ ನಿಲ್ಲಿಸಿದ ಉಕ್ಕಿನ ಸೇತುವೆಯ ಪ್ರಸ್ತಾಪವು ಬಂದಿತು. ಸಭಾಸದರಲ್ಲಿ ಒಬ್ಬರು, ನನಗೆ ಬಹುಕಾಲದ ಮಿತ್ರರು, "ಇದೇನು ದೊಡ್ಡದು? ನಳನು ಸಮುದ್ರಕ್ಕೇ ಸೇತುವೆ ಕಟ್ಟಲಿಲ್ಲವೆ?" ಎಂದು ಹೇಳಿ, ಸಂಸ್ಕೃತವನ್ನು ಓದಿದವನಾದ್ದರಿಂದ ನಾನು ಅನುಮೋದಿಸಿಯೇನೆಂಬ ನಂಬಿಕೆಯಿಂದ ನನ್ನ ಕಡೆಗೆ ನೋಡಿದರು. ನಾನು ಅಂದು ಸುಮ್ಮನಿದ್ದೆನು. ಅವರ ಮಾತನ್ನು ಒಪ್ಪುವುದಕ್ಕೂ ಮನಸ್ಸಾಗಲಿಲ್ಲ, ಅಲ್ಲಗಳೆಯುವುದಕ್ಕೆ ಬೇಕಾದಷ್ಟು ಹೊತ್ತೂ ಇರಲಿಲ್ಲ. ಆ ದಿನ ಉಳಿದುಹೋದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಬರೆಯಲು ತೊಡಗಿದ ಮೇಲೆ ವಿಷಯವು ಸೇತುವೆಯನ್ನು ದಾಟಿ ಮನೆಗಳವರೆಗೆ ಬೆಳೆಯಿತು, ವಾಚಕರು ಕ್ಷಮಿಸಬೇಕು.

ಮೊದಲು ನಳನ ಮಾತು. ವಾಲ್ಮೀಕಿಗಳು ಯುದ್ಧಕಾಂಡದಲ್ಲಿ ಸೇತುಬಂಧದ ಲೆಕ್ಕವನ್ನು ದಿನವಹಿಯಂತೆ ಕೊಟ್ಟಿದ್ದಾರೆ. ಮೊದಲ ದಿನ ೧೪ ಯೋಜನ, ಎರಡನೆಯ ದಿನ ೨೦, ಮೂರನೆಯ ದಿನ ೨೧, ನಾಲ್ಕನೆಯ ದಿನ ೨೨, ಐದನೆಯ ದಿನ ೨೩, ಕೂಡಿಸಿದರೆ ನೂರು. ಯೋಜನದ ಪ್ರಮಾಣವನ್ನು ಕುರಿತು ಯಾರು ಬೇಕಾದರೂ ವಾದಿಸಲಿ, ಈ ಅಂಕಿಗಳಲ್ಲಿ ಒಂದು ಸತ್ಯವಿದೆ: ಆರಂಭದ ದಿನ ಕೈಗಳು ಪಳಗಿರುವುದಿಲ್ಲ, ಅನಂತರ ಕೆಲಸವು ವೇಗಗೊಳ್ಳುತ್ತದೆ. ಕೂಲಿಯಾಳುಗಳ ಗುಂಪನ್ನು ಕಣ್ಣಾರೆ ಕಂಡ ಕವಿಯಲ್ಲದೆ ಇನ್ನೊಬ್ಬನು ಹೀಗೆ ಬರೆಯಲಾರನು. ಆದರೆ ವಾನರರು ತಂದದ್ದು ಸಿಕ್ಕಿದ ಮರ, ಸಿಕ್ಕಿದ ಬಂಡೆ. ಒಂದರಂತೆ ಇನ್ನೊಂದಿಲ್ಲ, ಒಂದರ ಸ್ಥಾನದಲ್ಲಿ ಇನ್ನೊಂದು ಕೂರದು. ವಯನಾಡಿನ ಸೇತುವೆಯ ಮರ್ಮವಾದರೋ ಎಲ್ಲ ಅವಯವಗಳೂ ಒಂದೇ ಅಳತೆಯವಾಗಿದ್ದು, ಯಾವುದನ್ನು ಬೇಕಾದರೂ ಎಲ್ಲಿ ಬೇಕಾದರೂ ಇಡಬಹುದೆಂಬುದರಲ್ಲಿದೆ. ಆದಕಾರಣ ನಳನನ್ನು ಈ ಶಿಲ್ಪದ ಮೂಲಪುರುಷನೆನ್ನುವುದು ಸಲ್ಲದು.

ನಮ್ಮಲ್ಲಿ ಇದಕ್ಕೆ ಪೂರ್ವಜರನ್ನು ಹುಡುಕಲೇಬೇಕೆಂದಿದ್ದರೆ ಶುಲ್ಬಸೂತ್ರಗಳನ್ನು ನೋಡಬೇಕು. ಅಗ್ನಿಚಯನದ ಶ್ಯೇನಚಿತಿಗೆ ಐದು ಪ್ರಸ್ತಾರಗಳು. ಪ್ರಸ್ತಾರವೊಂದಕ್ಕೆ ೨೦೦ರಂತೆ ಸಾವಿರ ಇಟ್ಟಿಗೆಗಳು. ನಿಯತವಾದ ಕೆಲವೇ ಆಕೃತಿಗಳಲ್ಲಿ ಅವನ್ನು ಮುಂಚಿತವಾಗಿ ಮಾಡಿ, ಸುಟ್ಟು, ಎಣಿಸಿಟ್ಟುಕೊಂಡು, ಕರ್ಮಕಾಲದಲ್ಲಿ ಜೋಡಿಸುತ್ತಾರೆ. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬೀಳಬಾರದೆಂಬ ನಿಯಮವೂ ಉಂಟು. ಇಂದಿನ ಗಾರೆಕೆಲಸದವನೂ ಅದನ್ನೇ ಪಾಲಿಸುತ್ತಾನೆ. ಇಷ್ಟನ್ನು ಹೇಳಿ ನಿಲ್ಲಿಸುತ್ತೇನೆ. ಬೌಧಾಯನನನ್ನು ಓದಿ ಇಂಗ್ಲೆಂಡಿನವರು ಸೇತುವೆ ಮಾಡಿದರೆಂದು ನಾನು ಹೇಳಹೊರಟವನಲ್ಲ. ಹಳೆಯದರಲ್ಲಿ ಹೊಸದೆಲ್ಲವನ್ನೂ ಕಾಣುವ ಚಪಲವು ಹಳೆಯದಕ್ಕೂ ಗೌರವವಲ್ಲ, ಹೊಸದಕ್ಕೂ ನ್ಯಾಯವಲ್ಲ.

ಇನ್ನು ಪ್ರಕೃತ ವಿಷಯ. ಅವಯವಗಳನ್ನು ಬೇರೊಂದೆಡೆಯಲ್ಲಿ ಏಕಪ್ರಮಾಣದಿಂದ ಸಿದ್ಧಪಡಿಸಿ, ನಿರ್ಮಾಣಸ್ಥಳಕ್ಕೆ ಹೊತ್ತು ತಂದು ಕೂಡಿಸುವ ಈ ಕ್ರಮಕ್ಕೆ ಇಂಗ್ಲಿಷಿನಲ್ಲಿ ಪ್ರಿಫ್ಯಾಬ್ರಿಕೇಷನ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಅದನ್ನು ಸಿದ್ಧಾಂಗ ನಿರ್ಮಾಣವೆಂದು ಕರೆಯುತ್ತೇನೆ. ಯುದ್ಧಕ್ಕೂ ಇದಕ್ಕೂ ಸಂಬಂಧವು ಬಹುಹಿಂದಿನದು. ೧೮೫೫ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆಂದು ಬ್ರೂನೆಲನೆಂಬ ಪ್ರಖ್ಯಾತ ಇಂಜಿನಿಯರನು ಇಂಗ್ಲೆಂಡಿನಲ್ಲಿ ಮರದ ಆಸ್ಪತ್ರೆಯೊಂದನ್ನು ತುಂಡುತುಂಡಾಗಿ ಮಾಡಿಸಿ, ಹಡಗುಗಳಲ್ಲಿ ತುರ್ಕಿಯ ರೆಂಕಿಯೋಯ್ ಎಂಬಲ್ಲಿಗೆ ಕಳುಹಿಸಿ ಜೋಡಿಸಿದನು. ಆದರೆ ಈ ವಿದ್ಯೆಯು ಪರಿಪಾಕಕ್ಕೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಬಂದದ್ದು ಡೊನಾಲ್ಡ್ ಬೇಯ್ಲಿ ಎಂಬ ಸರಕಾರಿ ನೌಕರನೊಬ್ಬನಿಂದ.

ಬೇಯ್ಲಿಯು ೧೯೦೧ರಲ್ಲಿ ಯಾರ್ಕ್‌ಷೈರಿನ ರಾದರ್‌ಹ್ಯಾಮಿನಲ್ಲಿ ಹುಟ್ಟಿದವನು; ಯುದ್ಧ ಇಲಾಖೆಗೆ ಸೇರಿದ, ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿದ್ದ ಸೇತುವೆಗಳ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದನು. ಟ್ಯಾಂಕುಗಳ ಭಾರವು ವರ್ಷವರ್ಷಕ್ಕೂ ಏರುತ್ತಿದ್ದು, ಅದುವರೆಗಿನ ಸೈನ್ಯದ ಸೇತುವೆಗಳು ಅವುಗಳಡಿಯಲ್ಲಿ ಬಾಗತೊಡಗಿದ್ದ ಕಾಲವದು. ೧೯೪೦ರಲ್ಲಿ ಅವನು ಹಳೆಯ ಲಕೋಟೆಯೊಂದರ ಬೆನ್ನಮೇಲೆ ಹೊಸ ಸೇತುವೆಯ ನಕ್ಷೆಯನ್ನು ಗೀಚಿದನೆಂದು ಹೇಳುತ್ತಾರೆ. ೧೯೪೧ರ ಮೇ ತಿಂಗಳಲ್ಲಿ ಮಾದರಿಯ ಪರೀಕ್ಷೆಯಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸೇತುವೆಯ ಸಾಮಾನು ಸೈನ್ಯದ ಕೈಸೇರಿತು. ಕಾಗದದಿಂದ ಕಬ್ಬಿಣಕ್ಕೆ ಇಷ್ಟು ಶೀಘ್ರವಾಗಿ ಬಂದ ಕಲ್ಪನೆಗಳು ವಿರಳ.

ಸೇತುವೆಯ ಮೂಲಾಂಗವು ಒಂದು ಉಕ್ಕಿನ ಚೌಕಟ್ಟು. ಹತ್ತಡಿ ಉದ್ದ, ಐದಡಿ ಎತ್ತರ. ಒಳಗೆ ಓರೆಯಾಗಿ ಬೆಸೆದ ಕಡ್ಡಿಗಳು. ತೂಕವು ಸುಮಾರು ೫೭೦ ಪೌಂಡು. ಈ ತೂಕವೇ ಇಲ್ಲಿಯ ಗುಟ್ಟು. ಆರು ಮಂದಿ ಸಿಪಾಯಿಗಳು ಹೊರೆಗೋಲುಗಳನ್ನು ತೂರಿಸಿ, ಯಂತ್ರದ ಸಹಾಯವಿಲ್ಲದೆ, ಕತ್ತಲಲ್ಲಿ, ಕೆಸರಿನಲ್ಲಿ ಇದನ್ನು ಹೊತ್ತೊಯ್ಯಬಹುದು. ಒಂದು ಚೌಕಟ್ಟಿನ ತುದಿಯ ಕಿವಿಗಳನ್ನು ಮತ್ತೊಂದರ ಕಿವಿಗಳೊಳಗೆ ಸೇರಿಸಿ ಕೀಲು ಹಾಕಿದರೆ ಎರಡೂ ಒಂದಾದುವು. ಇಂತಹ ಸಾಲುಗಳನ್ನು ಎರಡು ಪಕ್ಕಗಳಲ್ಲಿ ನಿಲ್ಲಿಸಿ, ನಡುವೆ ಅಡ್ಡತೊಲೆಗಳನ್ನಿಟ್ಟು, ಮೇಲೆ ಮರದ ಹಲಗೆಗಳನ್ನು ಹಾಸಿದರೆ ದಾರಿಯಾಯಿತು. ಅಗಲವಾದ ಹೊಳೆಗೆ, ಭಾರವಾದ ಬಂಡಿಗೆ ಬೇರೆಯ ಸೇತುವೆಯನ್ನು ಕಲ್ಪಿಸಬೇಕಾದ್ದಿಲ್ಲ. ಪಕ್ಕದಲ್ಲಿ ಎರಡನೆಯ, ಮೂರನೆಯ ಸಾಲನ್ನು ಸೇರಿಸುವುದು, ಅಥವಾ ಒಂದರ ಮೇಲೊಂದು ಅಂತಸ್ತನ್ನು ಏರಿಸುವುದು. ನಮ್ಮ ವೈಯಾಕರಣರು ಪರಿಮಿತವಾದ ಧಾತುಗಳಿಂದ ಅಪರಿಮಿತವಾದ ಪದಗಳನ್ನು ಸಾಧಿಸಿಕೊಂಡಂತೆ, ಈ ಕೆಲವೇ ಅಂಗಗಳಿಂದ ಬೇಕುಬೇಕಾದ ಉದ್ದದ, ಬಲದ ಸೇತುವೆಗಳು ಸಿದ್ಧಿಸಿದುವು.

ಹೊಳೆಯನ್ನು ದಾಟಿಸುವ ಉಪಾಯವು ಇನ್ನೂ ಸೊಗಸಾದದ್ದು. ಎದುರುದಡದಲ್ಲಿ ಶತ್ರುವಿರಬಹುದು, ನೀರಿನಲ್ಲಿ ನಿಂತು ಕಟ್ಟುವಂತಿಲ್ಲ. ಆದ್ದರಿಂದ ಸೇತುವೆಯನ್ನು ಈಚೆಯ ದಡದಲ್ಲಿಯೇ ಉರುಳೆಗಳ ಮೇಲೆ ಕಟ್ಟಿ, ಮುಂಭಾಗಕ್ಕೆ ಹಲಗೆಯಿಲ್ಲದ ಹಗುರವಾದೊಂದು ಮೂಗನ್ನು ಜೋಡಿಸಿ, ಹಿಂದಿನಿಂದ ತಳ್ಳುತ್ತಾರೆ. ಹಿಂಭಾಗವು ಭಾರವಾಗಿರುವುದರಿಂದ ಮೂಗು ನೀರಿಗೆ ಮುಗ್ಗರಿಸದೆ ಗಾಳಿಯಲ್ಲಿ ಚಾಚಿಕೊಂಡು ಹೋಗಿ ಆಚೆಯ ದಡವನ್ನು ಮುಟ್ಟುತ್ತದೆ. ಅನಂತರ ಮೂಗನ್ನು ಕಳಚಿಬಿಡುವುದು. ಕಳಚಿದ ಭಾಗವೂ ಅದೇ ಚೌಕಟ್ಟುಗಳಿಂದಾದುದಾದ್ದರಿಂದ ಮುಂದಿನ ಹೊಳೆಗೆ ಉಪಯೋಗವಾಗುತ್ತದೆ.

ಇವನ್ನು ಮಾಡಿದವರು ಯಾರು? ಆರುನೂರಕ್ಕೂ ಮಿಕ್ಕಿದ ಕಾರ್ಖಾನೆಗಳು. ಅವುಗಳಲ್ಲಿ ಅನೇಕವು ಸೇತುವೆಯ ಕೆಲಸವನ್ನು ಎಂದೂ ಕಂಡವಲ್ಲ. ಒಂದೂರಿನಲ್ಲಿ ಮಾಡಿದ ಕಿವಿಗೆ ಇನ್ನೊಂದೂರಿನಲ್ಲಿ ಮಾಡಿದ ಕೀಲು ಹೊಂದಬೇಕು; ಹೊಂದದಿದ್ದರೆ ಹೊಳೆಯ ದಡದಲ್ಲಿ ನಿಂತವನು ಮಾಡುವುದೇನು? ಅದಕ್ಕಾಗಿ ಕಟ್ಟುನಿಟ್ಟಾದ ಅಳತೆಗೋಲುಗಳಿಂದ ಪರೀಕ್ಷಿಸಿದರು. ಜೊತೆಗೆ ಕೀಲಿಗೂ ರಂಧ್ರಕ್ಕೂ ನಡುವೆ ಅತ್ಯಲ್ಪವಾದ ಸಡಿಲವನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟರು. ಈ ಸಡಿಲದಿಂದ ಸೇತುವೆಯ ನಡುವು ತುಸು ಬಾಗುವುದುಂಟು. ಬಾಗಿದರೂ ಚಿಂತೆಯಿಲ್ಲ, ಕೂಡಿಕೊಂಡರೆ ಸಾಕು ಎಂದು ಬೇಯ್ಲಿಯ ಅಭಿಪ್ರಾಯ. ಈ ಸಂಗತಿಯನ್ನು ವಾಚಕರು ನೆನಪಿಡಬೇಕು. ಮುಂದೆ ದಿಲ್ಲಿಯ ಮಾತು ಬಂದಾಗ ಬೇಕಾಗುತ್ತದೆ. ಯುದ್ಧವು ಮುಗಿಯುವುದರೊಳಗೆ ಸುಮಾರು ಏಳು ಲಕ್ಷ ಚೌಕಟ್ಟುಗಳು ತಯಾರಾದುವು. ಬೇಯ್ಲಿಗೆ ೧೯೪೬ರಲ್ಲಿ ಸರ್ ಪದವಿಯೂ, ೧೨,೦೦೦ ಪೌಂಡುಗಳ ಬಹುಮಾನವೂ ದೊರೆತುವು.

ಇಲ್ಲಿ ಇನ್ನೊಬ್ಬನ ಹೆಸರನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನ್ಯೂಜಿಲೆಂಡಿನ ಆರ್ಚಿಬಾಲ್ಡ್ ಹ್ಯಾಮಿಲ್ಟನ್ ಎಂಬ ಇಂಜಿನಿಯರನು ೧೯೨೮ರಿಂದ ೧೯೩೨ರವರೆಗೆ ಇರಾಕಿನ ಕುರ್ದಿಸ್ತಾನದ ಕಣಿವೆಗಳಲ್ಲಿ ರಸ್ತೆಯನ್ನು ಕಡಿಸುತ್ತಿದ್ದಾಗ, ದುರ್ಗಮಸ್ಥಳಗಳಲ್ಲಿ ಸೇತುವೆ ಕಟ್ಟುವ ಕಷ್ಟವನ್ನು ಅನುಭವಿಸಿ, ಏಕಪ್ರಮಾಣದ ಅಂಗಗಳನ್ನು ಕೂಡಿಸುವ ಸೇತುವೆಯೊಂದನ್ನು ಕಲ್ಪಿಸಿದ್ದನು. ಬೇಯ್ಲಿಯ ಸೇತುವೆಯಲ್ಲಿ ತನ್ನ ಕಲ್ಪನೆಯೂ ಅಡಗಿದೆಯೆಂದು ಅವನು ವಾದ ಹೂಡಿದನು. ಅವನಿಗೆ ೧೯೩೬ರಲ್ಲಿ ೪,೦೦೦, ೧೯೫೪ರಲ್ಲಿ ೧೦,೦೦೦ ಪೌಂಡುಗಳು ಸಂದುವು. ಕೀರ್ತಿಯು ಮಾತ್ರ ಸಲ್ಲಲಿಲ್ಲ.

ಬೇಯ್ಲಿಯ ಸೇತುವೆಯು ಮೊದಲು ಯುದ್ಧಭೂಮಿಯನ್ನು ಕಂಡದ್ದು ೧೯೪೨ರ ನವೆಂಬರಿನಲ್ಲಿ, ಟ್ಯುನೀಷಿಯಾದಲ್ಲಿ. ಇಟಲಿಯಲ್ಲಂತೂ ಹಿಮ್ಮೆಟ್ಟುತ್ತಿದ್ದ ಜರ್ಮನರು ಒಂದು ಸೇತುವೆಯನ್ನೂ ಉಳಿಸದೆ ಸಿಡಿಸುತ್ತ ಹೋದರು. ಬೆನ್ನಟ್ಟಿದವರು ೧೯೪೩ರಿಂದ ೧೯೪೫ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಬೇಯ್ಲಿ ಸೇತುವೆಗಳನ್ನು ಹಾಕಿದರು. ಸಾಂಗ್ರೋ ನದಿಯ ಮೇಲಿನದು ೧,೧೨೬ ಅಡಿ. ಬ್ರಹ್ಮದೇಶದಲ್ಲಿ ೧೯೪೪ರ ಡಿಸೆಂಬರಿನಲ್ಲಿ ಕಲೇವಾ ಎಂಬಲ್ಲಿ ಚಿಂದ್ವಿನ್ ನದಿಗೆ ದೋಣಿಗಳ ಮೇಲೆ ತೇಲುವಂತೆ ಹಾಕಿದ ಬೇಯ್ಲಿ ಸೇತುವೆಯು ೧,೧೫೪ ಅಡಿ ಉದ್ದವಿದ್ದಿತು. ಭಾರತೀಯ ಯೋಧರೇ ಬಹುಸಂಖ್ಯೆಯಲ್ಲಿದ್ದ ಹದಿನಾಲ್ಕನೆಯ ಸೈನ್ಯವು ಜಪಾನೀಯರ ಬೆನ್ನುಹತ್ತಿ ದಾಟಿದ್ದು ಅದರ ಮೇಲೆಯೇ.

ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲಸಿರುವ ಮದರಾಸು ಸ್ಯಾಪರ್ಸ್ ದಳವನ್ನು ನಮ್ಮ ವಾಚಕರು ಬಲ್ಲರು. ಆ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬವನು ೧೯೧೨ರಲ್ಲಿ ಬೆಂಗಳೂರಿನಲ್ಲಿ ಒಂದು ಆಯುಧವನ್ನು ಮಾಡಿದನು. ಮದ್ದು ತುಂಬಿದ ಕೊಳವೆಯ ತುಂಡುಗಳು. ಒಂದರ ತುದಿಗೆ ಒಂದನ್ನು ಜೋಡಿಸಿ ಬೇಕಾದಷ್ಟು ಉದ್ದ ಮಾಡಿ, ಮುಳ್ಳುತಂತಿಯ ಬೇಲಿಯ ಕೆಳಗೆ ತೂರಿಸಿ ಸಿಡಿಸಬಹುದು. ಲೋಕದ ಸೈನ್ಯಗಳೆಲ್ಲ ಅದನ್ನು ಬ್ಯಾಂಗಲೂರ್ ಟಾರ್ಪೆಡೋ ಎಂದೇ ಕರೆದುವು. ಒಡೆಯುವುದಕ್ಕೂ ಕಟ್ಟುವುದಕ್ಕೂ ಒಂದೇ ಯುಕ್ತಿ! ನಮ್ಮ ಊರಿನ ಹೆಸರು ಹೊತ್ತದ್ದು ಒಡೆಯುವ ಸಾಧನವೆಂಬುದರಿಂದ ಹೆಮ್ಮೆಪಡಬೇಕೋ ನಾಚಬೇಕೋ ನನಗೆ ಇಂದಿಗೂ ತಿಳಿಯದು.

ಯುದ್ಧವು ಮುಗಿದ ಮೇಲೆ ಈ ಸೇತುವೆಗಳು ಏನಾದುವೆಂಬುದು ನಮಗೆ ಮುಖ್ಯ. ಯೂರೋಪಿನ ನದಿಗಳ ಮೇಲೆ ಕಲ್ಲಿನ, ಕಾಂಕ್ರೀಟಿನ ಹೊಸ ಸೇತುವೆಗಳು ಏಳುವವರೆಗೆ ಹಾಲು, ಕಲ್ಲಿದ್ದಲು, ಅಂಚೆ, ಶವ, ಮದುವೆಯ ದಿಬ್ಬಣ ಎಲ್ಲವೂ ಇವುಗಳ ಮೇಲೆಯೇ ಸಾಗಿದುವು. ಫ್ಲಾರೆನ್ಸಿನ ಕಥೆಯೊಂದನ್ನು ಹೇಳುತ್ತೇನೆ. ೧೯೪೪ರ ಆಗಸ್ಟ್ ೩ರ ರಾತ್ರಿ ಜರ್ಮನರು ಆ ನಗರದಲ್ಲಿ ಆರ್ನೋ ನದಿಯ ಮೇಲಿದ್ದ ಸೇತುವೆಗಳಲ್ಲಿ ಪೋಂತೆ ವೆಕ್ಕಿಯೋ ಒಂದನ್ನು ಉಳಿಸಿ ಮಿಕ್ಕವನ್ನೆಲ್ಲ ಸಿಡಿಸಿದರು. ಅಮ್ಮನ್ನಾತಿ ಎಂಬ ಶಿಲ್ಪಿಯು ಹದಿನಾರನೆಯ ಶತಮಾನದಲ್ಲಿ ಕಟ್ಟಿದ, ಕಮಾನುಗಳ ವಕ್ರತೆಯಿಂದ ಜಗತ್ಪ್ರಸಿದ್ಧವಾದ ಸಾಂತಾ ತ್ರಿನಿತಾ ಸೇತುವೆಯೂ ಹೋಯಿತು. ಬ್ರಿಟಿಷ್ ಇಂಜಿನಿಯರುಗಳು ಆ ಸ್ಥಳದಲ್ಲಿ ಬೇಯ್ಲಿ ಸೇತುವೆಯೊಂದನ್ನು ಹಾಕಿದರು. ಊರಿನವರಿಗೆ ದಾಟಲು ದಾರಿಯಾಯಿತಾದ್ದರಿಂದ ಅವಸರವು ತಪ್ಪಿತು. ಅವಸರವು ತಪ್ಪಿದ್ದರಿಂದ, ಏನನ್ನು ಕಟ್ಟಬೇಕೆಂದು ವರ್ಷಗಟ್ಟಲೆ ಚರ್ಚಿಸುವುದಕ್ಕೂ, ನದಿಯ ತಳದಿಂದ ಹಳೆಯ ಕಲ್ಲುಗಳನ್ನೆತ್ತುವುದಕ್ಕೂ, ಸಾಲದ ಕಲ್ಲನ್ನು ಹಳೆಯ ಗಣಿಯಿಂದಲೇ ತೆಗೆಯುವುದಕ್ಕೂ ಸಮಯ ದೊರೆಯಿತು. ೧೯೫೮ರಲ್ಲಿ ಸೇತುವೆಯು ಮೊದಲಿನಂತೆಯೇ ಎದ್ದುನಿಂತಿತು. ಅದರ ಮೂಲೆಗಳಲ್ಲಿ ನಾಲ್ಕು ಋತುಗಳ ವಿಗ್ರಹಗಳಿದ್ದುವು. ವಸಂತದೇವಿಯ ತಲೆ ಮಾತ್ರ ಸಿಕ್ಕಿರಲಿಲ್ಲ. ಅದೂ ೧೯೬೧ರಲ್ಲಿ ನದಿಯಲ್ಲಿ ದೊರಕಿತು. ಆರು ಜನರು ಹೊರುವ ಉಕ್ಕಿನ ಚೌಕಟ್ಟಿಗೂ ಈ ವಿಗ್ರಹದ ತಲೆಗೂ ಸಂಬಂಧವುಂಟೆಂದು ಯಾರೂ ಬರೆದದ್ದನ್ನು ನಾನು ಕಾಣೆ, ಆದರೆ ಉಂಟು.

ಸೇತುವೆಯಲ್ಲಿ ಗೆದ್ದ ಯುಕ್ತಿಯು ಮನೆಯಲ್ಲಿಯೂ ಗೆಲ್ಲಬಾರದೇಕೆಂದು ಇಂಗ್ಲೆಂಡಿನವರಿಗೆ ತೋರಿದ್ದು ಸಹಜವೇ. ಬಾಂಬುಗಳಿಂದ ಅಲ್ಲಿ ಸುಮಾರು ನಾಲ್ಕೂವರೆ ಲಕ್ಷ ಮನೆಗಳು ನೆಲಸಮವಾಗಿಯೋ ವಾಸಕ್ಕೆ ಬಾರದಂತಾಗಿಯೋ ಹೋಗಿದ್ದುವು. ಮಂತ್ರಿ ಚರ್ಚಿಲರು ೧೯೪೪ರಲ್ಲಿ ಐದು ಲಕ್ಷ ತಾತ್ಕಾಲಿಕ ಮನೆಗಳ ಆಶ್ವಾಸನೆಯನ್ನಿತ್ತರು. ಅದೇ ವರ್ಷ ಶಾಸನವಾಯಿತು. ೧೯೪೯ರ ಹೊತ್ತಿಗೆ ಎದ್ದುವು ೧,೫೬,೬೨೩. ಸುಮಾರು ಐವತ್ತೈದು ಸಾವಿರದಷ್ಟು ಅಲ್ಯೂಮಿನಿಯಮಿನ ಮನೆಗಳು. ಯುದ್ಧವಿಮಾನಗಳ ಬೇಡಿಕೆ ನಿಂತುಹೋದ ಕಾರ್ಖಾನೆಗಳಲ್ಲಿ ಅವನ್ನು ನಾಲ್ಕು ಹೋಳುಗಳಾಗಿ ಮಾಡಿ, ಲಾರಿಗಳ ಮೇಲೆ ತಂದು, ನೆಲಗಟ್ಟಿನ ಮೇಲೆ ಒತ್ತಿಗೆ ಒತ್ತಾಗಿ ಕೂಡಿಸುತ್ತಿದ್ದರು. ಸ್ನಾನದ ಮನೆ, ಬಿಸಿನೀರು, ಶೀತಪೆಟ್ಟಿಗೆಗಳೂ ಸೇರಿಯೇ ಬರುತ್ತಿದ್ದುವು. ಹೊರಗಿನ ಪಾಯಖಾನೆಗೆ ಹೋಗಿ ಬಂದವರಿಗೆ ಇದು ಸ್ವರ್ಗವಾಗಿ ಕಂಡಿತು. ಆದರೆ ಅಗ್ಗವಾಗುವುದೆಂಬ ಭರವಸೆಯು ಸುಳ್ಳಾಯಿತು. ಹತ್ತುಹದಿನೈದು ವರ್ಷಗಳಿಗೆಂದು ಮಾಡಿದ ಈ ಮನೆಗಳನ್ನು ಅವುಗಳ ನಿವಾಸಿಗಳು ಬಿಡಲೊಲ್ಲದೆ ಹೋದರು. ಲಂಡನ್ನಿನ ಕ್ಯಾಟ್‌ಫರ್ಡಿನಲ್ಲಿ ಜರ್ಮನ್ ಮತ್ತು ಇಟಾಲಿಯನ್ ಯುದ್ಧಕೈದಿಗಳ ಕೈಯಿಂದ ಕಟ್ಟಿಸಿದ ೧೮೭ ಮನೆಗಳ ಒಂದು ಕೇರಿಯಿದ್ದಿತು. ಅರುವತ್ತು ವರ್ಷಗಳು ಕಳೆದ ಮೇಲೂ ಅಲ್ಲಿ ಒಕ್ಕಲಿದ್ದರು. ೨೦೦೯ರಲ್ಲಿ ಅವುಗಳಲ್ಲಿ ಆರನ್ನು ಚಾರಿತ್ರಿಕ ಸ್ಮಾರಕಗಳೆಂದು ರಕ್ಷಿಸಿದರು. ರಷ್ಯಾದೇಶದಲ್ಲಿ ೧೯೫೦ರ ದಶಕದಿಂದ ಎದ್ದ ಕಾಂಕ್ರೀಟ್ ಹಲಗೆಗಳ ಅಂತಸ್ತುಮನೆಗಳದು ಬೇರೆಯೇ ಒಂದು ಗ್ರಂಥಕ್ಕಾಗುವ ವಿಷಯ. ಇಲ್ಲಿ ಅದನ್ನು ಬಿಡುತ್ತೇನೆ.

ನಮ್ಮ ದೇಶಕ್ಕೆ ಬರೋಣ. ೧೯೪೭ರ ವಿಭಜನೆಯನ್ನು ಯುದ್ಧವೆಂದು ಯಾರೂ ಕರೆಯಲಿಲ್ಲ. ಆದರೆ ಹೊತ್ತಿ ಉರಿದ ಊರುಗಳೂ, ನಡೆದು ಬಂದ ಜನಸಾಲುಗಳೂ ಯುದ್ಧಕ್ಕೆ ಏನೂ ಕಡಿಮೆಯಿರಲಿಲ್ಲ. ೧೯೪೧ರಲ್ಲಿ ಒಂಬತ್ತು ಲಕ್ಷಕ್ಕೆ ತುಸು ಮಿಕ್ಕಿದ್ದ ದಿಲ್ಲಿ ಪ್ರಾಂತದ ಜನಸಂಖ್ಯೆಯು ೧೯೫೧ರಲ್ಲಿ ಹದಿನೇಳು ಲಕ್ಷವನ್ನು ದಾಟಿತು. ನಿರಾಶ್ರಿತರ ಅತಿದೊಡ್ಡ ಶಿಬಿರಗಳಲ್ಲೊಂದು ಕುರುಕ್ಷೇತ್ರದಲ್ಲಿದ್ದಿತು. ಆ ಹೆಸರನ್ನು ನಾವು ನಿತ್ಯವೂ ಪಾರಾಯಣದಲ್ಲಿ ಉಚ್ಚರಿಸುವವರು. ಅಲ್ಲಿ ಡೇರೆಗಳಲ್ಲಿ ಚಳಿಗಾಲವನ್ನು ಕಳೆದ ಲಕ್ಷಾಂತರ ಜನರನ್ನು ನೆನೆದವರು ಎಷ್ಟು ಮಂದಿ?

ಇವರಿಗೆ ಮನೆಗಳಾಗಬೇಕು. ಆ ಭಾರವನ್ನು ಕೇಂದ್ರಸರಕಾರದಲ್ಲಿ ಹೊತ್ತವನು ನಮ್ಮ ಮೈಸೂರಿನಿಂದಲೇ ಹೋದವನು. ಓಟ್ಟೋ ಕೊನಿಗ್ಸ್‌ಬರ್ಗರ್, ಬರ್ಲಿನ್ನಿನಲ್ಲಿ ೧೯೦೮ರಲ್ಲಿ ಹುಟ್ಟಿದ ಯಹೂದಿ. ೧೯೩೩ರಲ್ಲಿ ಜರ್ಮನಿಯ ಪ್ರತಿಷ್ಠಿತ ಶಿಂಕೆಲ್ ಬಹುಮಾನವನ್ನು ಗಳಿಸಿದ ವಾಸ್ತುಶಿಲ್ಪಿ. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದುದರಿಂದ ಕೆಲಸವನ್ನು ಕಳೆದುಕೊಂಡು, ದೇಶವನ್ನು ಬಿಟ್ಟು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದನು. ಅಂದು ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. ಬೆಂಗಳೂರಿನ ವಿಜ್ಞಾನಮಂದಿರದ ಕೆಲವು ಕಟ್ಟಡಗಳೂ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಇವನ ಕೃತಿಗಳು. ಟಾಟಾ ಸಂಸ್ಥೆಯವರಿಗೆ ಜಂಷೆಡ್‌ಪುರದ ಯೋಜನೆಯನ್ನೂ, ಒರಿಸ್ಸಾಕ್ಕೆ ಭುವನೇಶ್ವರದ ಹೊಸ ರಾಜಧಾನಿಯ ನಕ್ಷೆಯನ್ನೂ ಸಿದ್ಧಮಾಡಿದವನು ಇವನೇ. ೧೯೪೮ರಲ್ಲಿ ರಾಜಕುಮಾರಿ ಅಮೃತಕೌರರ ಆರೋಗ್ಯ ಇಲಾಖೆಯಲ್ಲಿ ಗೃಹನಿರ್ಮಾಣದ ನಿರ್ದೇಶಕನಾದನು. ಮನೆಯಿಂದ ಅಟ್ಟಲ್ಪಟ್ಟವನಿಗೆ, ಮನೆಯಿಂದ ಅಟ್ಟಲ್ಪಟ್ಟವರಿಗೆ ಮನೆ ಕಟ್ಟುವ ಕೆಲಸ ಬಂದಿತು.

ಕೊನಿಗ್ಸ್‌ಬರ್ಗರನ ತರ್ಕವು ನಿರಾಕರಿಸುವಂತಹುದಲ್ಲ. ಸಿಮೆಂಟಿಗೂ ಉಕ್ಕಿಗೂ ಅಭಾವ. ಪಳಗಿದ ಕೆಲಸಗಾರರು ಸಾಲರು. ಬೇಕಾದ ಮನೆಗಳೋ ಲಕ್ಷಗಟ್ಟಲೆ. ಹಾಗಾದರೆ ಗೋಡೆಗಳನ್ನು ಕಾರ್ಖಾನೆಯಲ್ಲಿ ಎರಕಹೊಯ್ದು, ದಿನಕ್ಕಿಷ್ಟು ಮನೆಗಳಂತೆ ಹೊರಗೆ ಕಳುಹಿಸಬಾರದೇಕೆ? ದಿಲ್ಲಿಯ ಜಂಗಪುರದಲ್ಲಿ ಸರಕಾರಿ ಗೃಹನಿರ್ಮಾಣ ಕಾರ್ಖಾನೆಯು ಸ್ಥಾಪಿತವಾಯಿತು. ಗೋಡೆಗೂ ಸೂರಿಗೂ ಹಗುರವಾದ, ಒಳಗೆ ಗಾಳಿಗುಳ್ಳೆಗಳನ್ನುಳ್ಳ ಕಾಂಕ್ರೀಟಿನ ಹಲಗೆಗಳನ್ನು ಅಲ್ಲಿ ಮಾಡುವುದೆಂದಾಯಿತು. ಬಡವನ ಮನೆಯು ಯಂತ್ರದಿಂದ ಹೊರಬೀಳುವುದೆಂಬ ಆಸೆ ಎಲ್ಲೆಡೆಯೂ ಹಬ್ಬಿತು.

ಫಲವು ಬೇರೆಯಾಯಿತು. ಹಲಗೆಗಳು ಬಿರುಕುಬಿಟ್ಟುವು, ವೆಚ್ಚವು ಏರಿತು, ಮನೆಗಳು ಬಾರದೆ ಹೋದುವು. ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆಗಳಾದುವು. ೧೯೫೧ರಲ್ಲಿ ಕೊನಿಗ್ಸ್‌ಬರ್ಗರನು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದನು. ೧೯೫೩ರಲ್ಲಿ ಆ ಕಾರ್ಖಾನೆಯು ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪೆನಿಯಾಗಿ, ೧೯೭೮ರಲ್ಲಿ ಹಿಂದೂಸ್ಥಾನ್ ಪ್ರಿಫ್ಯಾಬ್ ಎಂದು ಹೆಸರನ್ನು ಬದಲಿಸಿಕೊಂಡು, ರೈಲುದಾರಿಯ ಕಾಂಕ್ರೀಟ್ ಸ್ಲೀಪರುಗಳೇ ಮೊದಲಾದುವನ್ನು ಮಾಡಿತು. ಸ್ಲೀಪರೆಂದರೆ ಒಂದರಂತೆ ಒಂದಿರುವ, ಯಾರೂ ಒಳಗೆ ವಾಸಮಾಡದ ಪದಾರ್ಥ. ಅದಕ್ಕೆ ಈ ಯುಕ್ತಿಯು ಒಗ್ಗಿತು.

ಹಾಗಾದರೆ ತಪ್ಪು ಯಾರದು? ಅಂದಿನವರು ಶಿಲ್ಪಿಯನ್ನೂ ಇಲಾಖೆಯನ್ನೂ ದೂರಿದರು. ನನ್ನ ಅಲ್ಪಮತಿಗೆ ತೋರುವುದನ್ನು ಹೇಳುತ್ತೇನೆ. ಸೈನಿಕನಿಗೆ ಬೇಕಾದದ್ದು ಆಚೆಯ ದಡ ಮಾತ್ರ. ಸೇತುವೆಯು ತುಸು ಬಾಗಲಿ, ಗಡಗಡಿಸಲಿ, ಒಂದು ವರ್ಷಕ್ಕೆ ಕಳಚಿಹೋಗಲಿ, ಅವನಿಗೆ ಚಿಂತೆಯಿಲ್ಲ; ಖರ್ಚನ್ನು ಕೇಳುವವರೂ ಇಲ್ಲ. ಗೋಡೆಗೆ ಆ ಸಡಿಲವು ನಡೆಯದು. ಹಲಗೆಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಮಳೆ ಒಳಗೆ ಬರುತ್ತದೆ. ದಿಲ್ಲಿಯ ಬೇಸಗೆಯಲ್ಲಿ ಹಿಗ್ಗಿ, ಚಳಿಯಲ್ಲಿ ಕುಗ್ಗಿ, ಇಪ್ಪತ್ತು ಮೂವತ್ತು ವರ್ಷಗಳ ಕಾಲ ಅದು ನಿಲ್ಲಬೇಕು. ಅಲ್ಲದೆ ಮನೆಯೆಂದರೆ ಗೋಡೆಯಷ್ಟೇ ಅಲ್ಲ. ನಿವೇಶನ, ಬಾವಿ, ಚರಂಡಿ, ಸಂತೆ, ಹತ್ತಿರದಲ್ಲೊಂದು ಉದ್ಯೋಗ, ಇವಾವುವೂ ಎರಕಹೊಯ್ಯುವಂತಹವಲ್ಲ. ಇಂಗ್ಲೆಂಡಿನಲ್ಲಿ ಯುದ್ಧವಿಮಾನದ ಕಾರ್ಖಾನೆಗಳು ಕೆಲಸವನ್ನು ಹುಡುಕುತ್ತಿದ್ದುವು, ಮನುಷ್ಯರ ಕೈಗಳು ಸಾಲದಾಗಿದ್ದುವು. ದಿಲ್ಲಿಯ ಶಿಬಿರಗಳಲ್ಲಿಯಾದರೋ ಲಕ್ಷಾಂತರ ಕೈಗಳು ಕೆಲಸವಿಲ್ಲದೆ ಮಡಿಚಿ ಕುಳಿತಿದ್ದುವು. ಆ ಕೈಗಳನ್ನು ಬಿಟ್ಟು ಯಂತ್ರವನ್ನು ಕರೆದದ್ದೇ ಮೂಲದೋಷವೆಂದು ನನ್ನ ಎಣಿಕೆ. ಇದನ್ನು ಒಪ್ಪದವರು, ಮುಂದೆ ಕಾಂಕ್ರೀಟ್ ಹಲಗೆಗಳ ಮನೆಗಳು ಅನೇಕ ದೇಶಗಳಲ್ಲಿ ಯಶಸ್ವಿಯಾದುದನ್ನು ತೋರಿಸಬಹುದು. ತೋರಿಸಲಿ, ಅವು ೧೯೪೮ರ ದಿಲ್ಲಿಯಲ್ಲ.

ನನ್ನ ಮಾತಿಗೆ ಆಧಾರವು ದಿಲ್ಲಿಯಿಂದ ಹೆಚ್ಚು ದೂರವಿಲ್ಲದ ಫರೀದಾಬಾದಿನಲ್ಲಿದೆ. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು ಮೂವತ್ತು ಸಾವಿರ ನಿರಾಶ್ರಿತರಿಗಾಗಿ ೧೯೪೯ರಲ್ಲಿ ಅಲ್ಲಿ ಊರೊಂದನ್ನು ಕಟ್ಟಬೇಕಾಯಿತು. ಸರಕಾರದ ಲೋಕೋಪಯೋಗಿ ಇಲಾಖೆಯವರೂ ಕಂಟ್ರಾಕ್ಟರುಗಳೂ ತಾವು ಕಟ್ಟಿಕೊಡುವುದಾಗಿ ಮುಂದೆ ಬಂದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಅವರ ಸಹಕಾರಿ ಸಂಘದ ತರುಣರೂ ಬೇರೊಂದು ಮಾತನ್ನು ಹೇಳಿದರು: ಇವರ ಮನೆಗಳನ್ನು ಇವರೇ ಕಟ್ಟಲಿ, ಕಂಟ್ರಾಕ್ಟರನಿಗೆ ಹೋಗುವ ಕೂಲಿಯು ಇವರಿಗೇ ಬರಲಿ. ರಾಜೇಂದ್ರಪ್ರಸಾದರ ಅಧ್ಯಕ್ಷತೆಯ ಮಂಡಲಿಯು ಇದನ್ನು ಒಪ್ಪಿತು. ಪ್ರಧಾನಿ ನೆಹರೂರವರು ಆ ಸಭೆಗಳಿಗೆ ಸ್ವತಃ ಬರುತ್ತಿದ್ದರು. ಮೊದಲು ಕರಣೆಯನ್ನು ಹಿಡಿದರಿಯದ ವರ್ತಕರೂ ಗುಮಾಸ್ತರೂ ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಮನೆಗಳನ್ನೆಬ್ಬಿಸಿದರು. ನಳನ ಮೊದಲ ದಿನದ ಹದಿನಾಲ್ಕು ಯೋಜನಗಳ ಮಾತು ಇಲ್ಲಿ ನೆನಪಿಗೆ ಬಂದರೆ ನನ್ನ ಮಿತ್ರರು ಸಂತೋಷಪಡಬಹುದು. ಫರೀದಾಬಾದಿನ ನಗರಯೋಜನೆಯಲ್ಲಿ ಇದೇ ಕೊನಿಗ್ಸ್‌ಬರ್ಗರನ ಕೈಯಿದ್ದಿತೆಂಬುದನ್ನೂ ಹೇಳಬೇಕು. ಕಾರ್ಖಾನೆಯಲ್ಲಿ ಸೋತವನ ನಕ್ಷೆಯು ಕೈಗೆಲಸದವರ ಊರಿನಲ್ಲಿ ಗೆದ್ದಿತು.

ಲಂಡನ್ನಿಗೆ ಹೋದ ಅವನು ಸುಮ್ಮನೆ ಕುಳಿತವನಲ್ಲ. ಉಷ್ಣದೇಶಗಳ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವೊಂದನ್ನು ಅಲ್ಲಿ ಬೆಳೆಸಿದನು. ಆ ವಿಷಯದಲ್ಲಿ ಸಹೋದ್ಯೋಗಿಗಳೊಡನೆ ಬರೆದ ಕೈಪಿಡಿಯು ನಮ್ಮ ದೇಶದ ವಾಸ್ತುವಿದ್ಯಾಲಯಗಳಲ್ಲಿ ಪಠ್ಯವಾಗಿ ನಡೆಯಿತು. ೧೯೯೯ರಲ್ಲಿ ತೀರಿಕೊಂಡನು. ಬೆಂಗಳೂರಿನಲ್ಲಿ ಅವನ ಕಟ್ಟಡಗಳ ಮುಂದೆ ದಿನವೂ ಹಾದುಹೋಗುವವರಲ್ಲಿ ಅವನ ಹೆಸರನ್ನು ಬಲ್ಲವರು ಬಹಳ ಇರಲಾರರು.

ಗೋಷ್ಠಿಯಲ್ಲಿ ಎದ್ದ ವಯನಾಡಿನ ಮಾತಿಗೆ ಮರಳುತ್ತೇನೆ. ೨೦೨೪ನೆಯ ಜುಲೈ ೩೦ರ ಬೆಳಗಿನ ಜಾವದಲ್ಲಿ ಗುಡ್ಡವು ಕುಸಿದು ಚೂರಲ್‌ಮಲೆಯ ಸೇತುವೆಯು ಕೊಚ್ಚಿಹೋಯಿತು. ಮುಂಡಕ್ಕೈ ಕಡೆಯ ಜನರಿಗೆ ದಾರಿಯೇ ಇಲ್ಲವಾಯಿತು. ಬೆಂಗಳೂರಿನಿಂದ ಹೊರಟ ಮದರಾಸು ಇಂಜಿನಿಯರ್ ದಳದವರು, ಹಿಂದೆ ಹೇಳಿದ ಸ್ಯಾಪರುಗಳ ದಳದವರೇ, ಮೇಜರ್ ಸೀತಾ ಶೆಳ್ಕೆ ಎಂಬ ಮಹಿಳೆಯೂ ಮುಂದೆ ನಿಂತು, ೧೯೦ ಅಡಿ ಉದ್ದದ ಬೇಯ್ಲಿ ಸೇತುವೆಯನ್ನು ಆಗಸ್ಟ್ ೧ರ ಸಂಜೆಗೆ ದಾಟಲು ಸಿದ್ಧಪಡಿಸಿದರು. ಅದೇ ಚೌಕಟ್ಟು, ಅದೇ ಕೀಲು, ಹಿಂದಿನಿಂದ ತಳ್ಳುವ ಅದೇ ಕ್ರಮ. ಬೇಯ್ಲಿಯು ಗೀಚಿ ಎಂಭತ್ತನಾಲ್ಕು ವರ್ಷಗಳಾಗಿದ್ದುವು.

ಮನೆ ಕಳೆದುಕೊಂಡವರಿಗಾಗಿ ಕಲ್ಪೆಟ್ಟದ ಎಲ್ಸ್‌ಟನ್ ತೋಟದಲ್ಲಿ ಹೊಸ ಊರಿನ ಶಿಲಾನ್ಯಾಸವು ನಡೆದದ್ದು ೨೦೨೫ನೆಯ ಮಾರ್ಚ್ ೨೭ರಂದು. ಎಂದರೆ ಸುಮಾರು ಎಂಟು ತಿಂಗಳ ಮೇಲೆ. ಒಂದೊಂದು ಮನೆಗೆ ಏಳು ಸೆಂಟು ನೆಲ, ಸಾವಿರ ಚದರಡಿ. ಕಟ್ಟುವ ಕೆಲಸವನ್ನು ವಹಿಸಿಕೊಂಡದ್ದು ೧೯೨೫ರಲ್ಲಿ ಹುಟ್ಟಿದ ಊರಾಳುಂಗಲ್ ಕೆಲಸಗಾರರ ಸಹಕಾರ ಸಂಘ. ಇದನ್ನೆಲ್ಲ ಮುಂದಿನ ಗೋಷ್ಠಿಯಲ್ಲಿ ನನ್ನ ಮಿತ್ರರಿಗೆ ಹೇಳಬೇಕೆಂದಿದ್ದೇನೆ. ಅವರು ನಳನನ್ನು ಬಿಟ್ಟುಕೊಡುವರೆಂಬ ಭರವಸೆಯೇನೂ ನನಗಿಲ್ಲ.